ಮುಖ ಹಿಡಿದ ಮಸೂರ, ಮಸುಕಾದ ಹೆಸರು

ಬಾದಾಮಿಯ ಅಗಸ್ತ್ಯತೀರ್ಥದ ದಂಡೆಗೆ ಮದುವೆಗೆ ಮುಂಚಿನ ಛಾಯಾಚಿತ್ರ ತೆಗೆಸಿಕೊಳ್ಳಲು ಬರುವ ಜೋಡಿಗಳು ಇಂದು ಅಪರೂಪವಲ್ಲ. ಹುಡುಗಿಯ ಮೈಮೇಲೆ ಇಳಕಲ್ ಸೀರೆ, ಬೆನ್ನ ಹಿಂದೆ ಕೆಂಪು ಕಲ್ಲಿನ ಬೆಟ್ಟ, ನೀರಿನಾಚೆ ಭೂತನಾಥನ ಗುಡಿ. ಇಂತಹ ಕಡೆಗಳಲ್ಲಿ ಛಾಯಾಗ್ರಾಹಕರಲ್ಲಿ ಕೆಲವರು ಹೊಸ ಡಿಜಿಟಲ್ ಕ್ಯಾಮೆರಾದ ಮೂತಿಗೆ ಹಳೆಯ ಮಸೂರವೊಂದನ್ನು ಸಿಕ್ಕಿಸಿಕೊಂಡು ನಿಲ್ಲುವುದುಂಟು. ಅದಕ್ಕೆ ತಾನಾಗಿ ಫೋಕಸ್ ಹಿಡಿಯುವ ಯಂತ್ರವಿಲ್ಲ. ಬಳೆಯನ್ನು ಕೈಯಿಂದ ತಿರುಗಿಸಬೇಕು, ಕಣ್ಣಳತೆಯಲ್ಲಿ ನಿಲ್ಲಿಸಬೇಕು. ಹತ್ತು ಚಿತ್ರ ತೆಗೆದರೆ ನಾಲ್ಕು ಕೆಡುತ್ತವೆ. ಆದರೂ ಅಂತಹ ಮಸೂರಗಳನ್ನು ಹುಡುಕಿ, ಕೂಡಿಟ್ಟು, ಒಂದನ್ನೊಂದು ಹೋಲಿಸಿ ನೋಡುವ ಹವ್ಯಾಸ ಜಗತ್ತಿನಾದ್ಯಂತ ಬೆಳೆದಿದೆ.

ಈ ಮೋಹದ ಕಾರಣ ಚಿತ್ರದಲ್ಲೇ ಕಾಣುತ್ತದೆ. ಮುಖ, ಅದರಲ್ಲೂ ಕಣ್ಣು, ಕೊರೆದಿಟ್ಟಂತೆ ಸ್ಪಷ್ಟ. ಮುಖದಿಂದ ಆಚೆ ಸರಿದಂತೆ ಎಲ್ಲವೂ ಕರಗುತ್ತ ಹೋಗುತ್ತದೆ. ಹಿಂದಿನ ಬೇವಿನ ಮರದ ಎಲೆಗಳ ಸಂದಿನಿಂದ ಇಣುಕುವ ಬೆಳಕಿನ ಚುಕ್ಕೆಗಳು ಮುಖದ ಸುತ್ತ ಸುಳಿಗಟ್ಟಿ, ಬುಗುರಿ ತಿರುಗಿದಂತೆ ತೋರುತ್ತವೆ. ಇಂದಿನ ಮಸೂರಗಳು ಈ ಸುಳಿಯನ್ನು ಮೂಡಿಸುವುದಿಲ್ಲ. ಅವು ಅಂಚಿನವರೆಗೂ ಅಚ್ಚುಕಟ್ಟು. ಶಾಸ್ತ್ರದ ಪ್ರಕಾರ ಸುಳಿ ಎಂಬುದು ದೋಷ. ವಿಶೇಷವೆಂದರೆ, ಈ ದೋಷದ ಬೇರಿನಲ್ಲಿರುವ ನಿಯಮವನ್ನು ಗಣಿತದಲ್ಲಿ ಕಂಡುಕೊಂಡವನೂ, ಈ ದೋಷವಿರುವ ಮಸೂರವನ್ನು ರಚಿಸಿ ಜಗತ್ತಿಗೆ ಭಾವಚಿತ್ರವನ್ನು ಕೊಟ್ಟವನೂ ಒಬ್ಬನೇ. ಆತ ಜೋಸೆಫ್ ಮ್ಯಾಕ್ಸಿಮಿಲಿಯನ್ ಪೆಟ್ಸ್‌ವಾಲ್. ದ್ಯುತಿಶಾಸ್ತ್ರ ಓದಿದವರಿಗೆಲ್ಲ ಪರಿಚಿತ ಹೆಸರು. ಆದರೆ ಆತನ ಮಸೂರದಿಂದ ಮುಖ ತೆಗೆಸಿಕೊಂಡವರಲ್ಲಿ ಹೆಚ್ಚಿನವರು ಆ ಹೆಸರನ್ನು ಕೇಳಿದವರೇ ಅಲ್ಲ.

ಕಲ್ಲು ಕುಳಿತಿರುತ್ತದೆ, ಮನುಷ್ಯ ಕುಳಿತಿರಲಾರ

ಪೆಟ್ಸ್‌ವಾಲನ ಕೆಲಸದ ಬೆಲೆ ತಿಳಿಯಬೇಕಾದರೆ ನಮ್ಮ ಸೀಮೆಯ ಮೊದಲ ಛಾಯಾಚಿತ್ರಗಳನ್ನು ನೆನೆಯುವುದು ಒಳ್ಳೆಯದು. 1855ರಲ್ಲಿ ಮುಂಬಯಿ ಸರ್ಕಾರ ತನ್ನ ಫಿರಂಗಿ ದಳದ ಅಧಿಕಾರಿ ಥಾಮಸ್ ಬಿಗ್ಸ್ ಎಂಬಾತನನ್ನು ಪ್ರಾಚೀನ ಕಟ್ಟಡಗಳ ಛಾಯಾಗ್ರಾಹಕನನ್ನಾಗಿ ನೇಮಿಸಿತು. ಮುಂಬಯಿಯಲ್ಲಿ ಛಾಯಾಗ್ರಾಹಕರ ಸಂಘ ಹುಟ್ಟಿ ಆಗ ಒಂದೇ ವರ್ಷವಾಗಿತ್ತು. ಬಿಗ್ಸ್ ವಿಜಾಪುರ, ಬಾದಾಮಿ, ಹುನಗುಂದ ಸೀಮೆಯ ಐಹೊಳೆ ಮೊದಲಾದ ಕಡೆ ತಿರುಗಿ ಗುಡಿ, ಗುಹೆ, ಗೋಪುರಗಳ ಚಿತ್ರ ತೆಗೆದ. ಆ ವರ್ಷದ ಕೊನೆಗೆ ಸೈನ್ಯ ಆತನನ್ನು ಮರಳಿ ಕರೆಸಿಕೊಂಡಿತು. ಕೆಲಸವನ್ನು ವೈದ್ಯಾಧಿಕಾರಿ ಪಿಗೂ ಮುಂದುವರಿಸಿದ. ಇವರ ಚಿತ್ರಗಳೊಂದಿಗೆ ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಗ್ರಂಥ 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಸುರಪುರದ ಇತಿಹಾಸದಿಂದ ನಮಗೆಲ್ಲ ಪರಿಚಿತನಾದ ಮೆಡೋಸ್ ಟೇಲರ್ ಅದಕ್ಕೆ ಇತಿಹಾಸದ ಭಾಗವನ್ನು ಬರೆದ.

ಬಿಗ್ಸ್ ಬಳಸಿದ್ದು ಕಾಗದದ ನೆಗೆಟಿವ್. ಅದರ ಮೇಲೆ ಬಿಂಬ ಮೂಡಲು ನಿಮಿಷಗಳೇ ಬೇಕು. ಕಟ್ಟಡಕ್ಕೆ ಅದರಿಂದ ತೊಂದರೆಯಿಲ್ಲ. ಚಾಲುಕ್ಯರ ಕಲ್ಲು ಸಾವಿರ ವರ್ಷಕ್ಕೂ ಮೇಲಾಗಿ ಅಲ್ಲಾಡದೆ ನಿಂತದ್ದು. ಅಂಗಳದಲ್ಲಿ ನಡೆದು ಹೋದ ಮನುಷ್ಯ ಮಾತ್ರ ಅಂತಹ ನೆಗೆಟಿವ್‌ನಲ್ಲಿ ಉಳಿಯುವುದಿಲ್ಲ. ನಿಂತವನು ಸ್ವಲ್ಪ ಹೊರಳಿದರೂ ಮಂಜಾಗುತ್ತಾನೆ. ಛಾಯಾಗ್ರಹಣ ಹುಟ್ಟಿದ ಹೊಸತರಲ್ಲಿ ಎಲ್ಲೆಡೆ ಇದೇ ಪಾಡು. 1839ರ ಆಗಸ್ಟ್‌ನಲ್ಲಿ ಪ್ಯಾರಿಸಿನಲ್ಲಿ ಡಾಗೇರ್ ತನ್ನ ವಿಧಾನವನ್ನು ಬಯಲುಮಾಡಿದಾಗ ಅದರ ಜೊತೆಗಿದ್ದ ಶೆವಾಲಿಯೆಯ ಮಸೂರ ಬೆಳಕನ್ನು ಬಹಳ ಜಿಪುಣತನದಿಂದ ಒಳಬಿಡುತ್ತಿತ್ತು. ಅದರ ಕಿಂಡಿಯ ಅಳತೆ ಇಂದಿನ ಭಾಷೆಯಲ್ಲಿ ಸುಮಾರು ಎಫ್ 16. ಸುಡುಬಿಸಿಲಿನಲ್ಲೂ ಹಲವು ನಿಮಿಷ ಕಾಯಬೇಕು. ಮುಖದ ಚಿತ್ರ ಬೇಕೆಂದವನು ಕಣ್ಣು ಕುಕ್ಕುವ ಬಿಸಿಲಿಗೆ ಮುಖವೊಡ್ಡಿ ಉಸಿರು ಬಿಗಿಹಿಡಿದು ಕೂರಬೇಕಾಗಿತ್ತು. ಅಂತಹ ಚಿತ್ರಗಳಲ್ಲಿ ಕಾಣುವುದು ಮುಖವಲ್ಲ, ಮುಖದ ಸಂಕಟ.

ಚಮ್ಮಾರನಾಗಬೇಕಿದ್ದ ಹುಡುಗ

ಪೆಟ್ಸ್‌ವಾಲ್ ಹುಟ್ಟಿದ್ದು 1807ರ ಜನವರಿ 6ರಂದು, ಅಂದಿನ ಹಂಗೇರಿ ರಾಜ್ಯದ ಉತ್ತರ ಭಾಗದ ಸ್ಪಿಶ್ಸ್ಕಾ ಬೆಲಾ ಎಂಬ ಪುಟ್ಟ ಊರಿನಲ್ಲಿ. ಈಗ ಅದು ಸ್ಲೋವಾಕಿಯಾ ದೇಶದಲ್ಲಿದೆ. ತಂದೆ ಶಾಲಾ ಶಿಕ್ಷಕ, ಇಗರ್ಜಿಯಲ್ಲಿ ಆರ್ಗನ್ ವಾದಕ. ಮನೆಯಲ್ಲಿ ಜರ್ಮನ್ ಮಾತು, ರಾಜ್ಯ ಹಂಗೇರಿಯದು, ಸುತ್ತಲಿನ ಜನ ಸ್ಲೋವಾಕರು. ಹೀಗಾಗಿ ಆತ ನಮ್ಮವನೆಂದು ಇಂದಿಗೂ ಮೂರು ಕಡೆಯವರು ಹೇಳಿಕೊಳ್ಳುತ್ತಾರೆ. ಗಡಿಯ ವಾದಗಳನ್ನು ಹುಟ್ಟಿನಿಂದಲೇ ಕೇಳುತ್ತ ಬಂದಿರುವ ಉತ್ತರ ಕರ್ನಾಟಕದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಂದೆ ಗಣಿತದ ಪ್ರಾಧ್ಯಾಪಕನಾದ ಈತ ಶಾಲೆಯಲ್ಲಿ ಗಣಿತದಲ್ಲೇ ಹಿಂದುಳಿದಿದ್ದನೆಂಬ ಕತೆಯೊಂದು ಪ್ರಚಲಿತವಾಗಿದೆ. ಮಗನಿಗೆ ಓದು ಹತ್ತುವುದಿಲ್ಲವೆಂದು ಬೇಸತ್ತ ತಂದೆ ತಾಯಿ ಆತನನ್ನು ಚಮ್ಮಾರಿಕೆಗೆ ಹಾಕಲು ನಿಶ್ಚಯಿಸಿದ್ದರಂತೆ. ಅದೇ ಬೇಸಿಗೆಯಲ್ಲಿ ಹುಡುಗ ಗಣಿತದ ಪುಸ್ತಕವೊಂದನ್ನು ತಾನಾಗಿಯೇ ಓದಿ ಮುಗಿಸಿ, ಪರೀಕ್ಷೆಯಲ್ಲಿ ಗೆದ್ದನಂತೆ. ದೊಡ್ಡವರ ಬಾಲ್ಯಕ್ಕೆ ಅಂಟಿಕೊಳ್ಳುವ ಇಂತಹ ಕತೆಗಳನ್ನು ಪೂರ್ತಿ ನಂಬಬೇಕಿಲ್ಲ. ಆದರೆ ಒಬ್ಬನೇ ಕುಳಿತು, ಯಾರ ನೆರವನ್ನೂ ಬಯಸದೆ ಗಂಟು ಬಿಡಿಸುವ ಸ್ವಭಾವ ಆತನದೆಂಬುದಕ್ಕೆ ಉಳಿದ ಬದುಕೆಲ್ಲ ಸಾಕ್ಷಿಯಾಗಿದೆ.

ಪೆಸ್ಟ್ ನಗರದ ಎಂಜಿನಿಯರಿಂಗ್ ಸಂಸ್ಥೆಯಲ್ಲಿ ಓದಿ 1828ರಲ್ಲಿ ಹೊರಬಂದ ಪೆಟ್ಸ್‌ವಾಲ್ ಕೆಲವು ವರ್ಷ ಅದೇ ನಗರದ ಎಂಜಿನಿಯರ್ ಆಗಿ ದುಡಿದ. ಪ್ರವಾಹದ ತಡೆ, ಒಡ್ಡು, ಚರಂಡಿಗಳು ಆತನ ಪಾಲಿಗೆ ಬಂದ ಕೆಲಸಗಳು. ಡಾನ್ಯೂಬ್ ನದಿ ಪೆಸ್ಟ್‌ಗೆ ಏನು ಮಾಡಬಲ್ಲದೆಂಬುದು 1838ರ ಮಹಾಪೂರದಲ್ಲಿ ಊರಿಗೆ ತಿಳಿಯಿತು. ಮಲಪ್ರಭೆ, ಘಟಪ್ರಭೆಗಳ ದಂಡೆಯವರು 2009 ಮತ್ತು 2019ರಲ್ಲಿ ಕಂಡದ್ದೂ ಅದನ್ನೇ. ಅಷ್ಟರೊಳಗೆ ಪೆಟ್ಸ್‌ವಾಲ್ ಆ ಊರನ್ನು ಬಿಟ್ಟಿದ್ದ. 1832ರಲ್ಲಿ ಡಾಕ್ಟರೇಟ್, 1835ರಲ್ಲಿ ಪೆಸ್ಟ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ಹುದ್ದೆ, ಅದಾಗಿ ಎರಡು ವರ್ಷದೊಳಗೆ ವಿಯೆನ್ನಾ ವಿಶ್ವವಿದ್ಯಾಲಯದ ಗಣಿತ ಪೀಠ. 1877ರವರೆಗೆ ಆತನ ವೃತ್ತಿ ಅಲ್ಲೇ ಸಾಗಿತು.

ಫಿರಂಗಿಯವರ ಲೆಕ್ಕ

ಡಾಗೇರ್ ವಿಧಾನ ಪ್ರಕಟವಾದಾಗ ವಿಯೆನ್ನಾದ ಭೌತಶಾಸ್ತ್ರ ಪ್ರಾಧ್ಯಾಪಕ ಆಂಡ್ರಿಯಾಸ್ ಫಾನ್ ಎಟ್ಟಿಂಗ್ಸ್‌ಹೌಸೆನ್ ಪ್ಯಾರಿಸಿನಲ್ಲಿದ್ದ. ಹೊಸ ವಿದ್ಯೆಯನ್ನು ಕಲಿತು ಊರಿಗೆ ಮರಳಿದ ಆತ, ಇದರ ಕುಂದು ಮಸೂರದಲ್ಲಿದೆ, ಇದನ್ನು ಗಣಿತಜ್ಞನೇ ಸರಿಪಡಿಸಬೇಕೆಂದು ಪೆಟ್ಸ್‌ವಾಲನನ್ನು ಹುರಿದುಂಬಿಸಿದ. ಅಲ್ಲಿಯವರೆಗೆ ಮಸೂರ ತಯಾರಿಕೆಯೆಂಬುದು ಕೈಚಳಕದ ಕಸುಬು. ಗಾಜನ್ನು ತಿಕ್ಕು, ಹಚ್ಚಿ ನೋಡು, ಸರಿಹೋಗದಿದ್ದರೆ ಮತ್ತೆ ತಿಕ್ಕು. ಗಾಜು ಮುಟ್ಟುವ ಮೊದಲೇ ಬೆಳಕಿನ ಕಿರಣ ಪ್ರತಿಯೊಂದು ಮೇಲ್ಮೈಯಲ್ಲಿ ಎಷ್ಟು ಬಾಗುತ್ತದೆಂದು ಕಾಗದದ ಮೇಲೆ ಲೆಕ್ಕಹಾಕಿ, ಆಮೇಲೆ ಗಾಜು ತಿಕ್ಕಿಸುವ ಮಾರ್ಗವನ್ನು ಪೆಟ್ಸ್‌ವಾಲ್ ಹಿಡಿದ.

ಆ ಲೆಕ್ಕ ಒಬ್ಬನಿಂದ ಮುಗಿಯುವಂಥದಲ್ಲ. ಒಂದೊಂದು ಕಿರಣಕ್ಕೂ ಲಾಗರಿದಮ್ ಕೋಷ್ಟಕ ತೆರೆದು ಪುಟಗಟ್ಟಲೆ ಕೂಡಿ ಕಳೆಯಬೇಕು. ಆಸ್ಟ್ರಿಯಾದ ಫಿರಂಗಿ ದಳದ ಮುಖ್ಯಸ್ಥನಾಗಿದ್ದ ರಾಜಮನೆತನದ ಲುಡ್ವಿಗ್ ತನ್ನ ದಳದಲ್ಲಿ ಲೆಕ್ಕ ಬಲ್ಲ ಕೆಲವರನ್ನು ಪೆಟ್ಸ್‌ವಾಲನ ಕೈಗೊಪ್ಪಿಸಿದ. ಗುಂಡು ಎಲ್ಲಿ ಬೀಳುತ್ತದೆಂದು ಎಣಿಸಿ ಪಳಗಿದವರು ಬೆಳಕು ಎಲ್ಲಿ ಬೀಳುತ್ತದೆಂದು ಎಣಿಸಲು ಕುಳಿತರು. ಸುಮಾರು ಆರು ತಿಂಗಳಲ್ಲಿ, 1840ರ ಹೊತ್ತಿಗೆ, ಎರಡು ಮಸೂರಗಳ ವಿನ್ಯಾಸ ಸಿದ್ಧವಾಯಿತು. ಒಂದು ಭಾವಚಿತ್ರಕ್ಕೆ, ಇನ್ನೊಂದು ಭೂದೃಶ್ಯಕ್ಕೆ.

ಭಾವಚಿತ್ರದ ಮಸೂರದಲ್ಲಿ ನಾಲ್ಕು ಗಾಜುಗಳು. ಮುಂದಿನ ಎರಡನ್ನು ಅಂಟಿನಿಂದ ಕೂಡಿಸಲಾಗಿದೆ. ಹಿಂದಿನ ಎರಡರ ನಡುವೆ ಗಾಳಿಯ ತೆರಪಿದೆ. ಈ ಎರಡು ಜೋಡಿಗಳ ನಡುವೆ ಉದ್ದನೆಯ ಹಿತ್ತಾಳೆಯ ಕೊಳವೆ. ಕಿಂಡಿಯ ಅಳತೆ ಸುಮಾರು ಎಫ್ 3.6. ಅಂದರೆ ಶೆವಾಲಿಯೆಯ ಮಸೂರಕ್ಕಿಂತ ಹೆಚ್ಚುಕಡಿಮೆ ಇಪ್ಪತ್ತು ಪಟ್ಟು ಬೆಳಕು. ಹತ್ತು ನಿಮಿಷ ಕೂರಬೇಕಾದಲ್ಲಿ ಅರ್ಧ ನಿಮಿಷ ಸಾಕು. ಅದೇ ಕಾಲಕ್ಕೆ ತಟ್ಟೆಯ ರಸಾಯನವೂ ಚುರುಕಾಗಿ, ಒಳ್ಳೆಯ ಬೆಳಕಿನಲ್ಲಿ ಕೆಲವೇ ಸೆಕೆಂಡುಗಳಲ್ಲಿ ಮುಖ ಮೂಡತೊಡಗಿತು. ಕೂತವನು ಮನುಷ್ಯನಂತೆ ಕೂರುವುದು ಸಾಧ್ಯವಾಯಿತು. ಊರೂರಲ್ಲಿ ಫೋಟೋ ಸ್ಟುಡಿಯೋ ಎಂಬ ಅಂಗಡಿ ತೆರೆಯಲು ಬೇಕಾದ ಅಡಿಪಾಯ ಇದು.

ವಿಯೆನ್ನಾದ ಪ್ರಸಿದ್ಧ ಮಸೂರ ತಯಾರಕ ಫ್ರೀಡ್ರಿಶ್ ಫಾಯ್ಟ್‌ಲೆಂಡರ್ ಇದನ್ನು ಗಾಜಿನಲ್ಲಿ ಮೂಡಿಸಿದ. 1841ರಲ್ಲಿ ಆತ ಮಾರಾಟಕ್ಕಿಟ್ಟ ಕ್ಯಾಮೆರಾ ಸಂಪೂರ್ಣ ಹಿತ್ತಾಳೆಯದು, ನೋಡಲು ದೂರದರ್ಶಕದಂತೆ. ಅದರ ಚಿತ್ರ ಚೌಕವಲ್ಲ, ಸುಮಾರು 9 ಸೆಂಟಿಮೀಟರಿನ ದುಂಡು ತಟ್ಟೆ. ಅಂಚುಗಳಲ್ಲಿ ಬಿಂಬ ಕೆಡುವುದರಿಂದ ಅಂಚನ್ನೇ ಕತ್ತರಿಸಿಬಿಟ್ಟಂತಾಯಿತು. ಮುಖವೂ ದುಂಡು, ತಟ್ಟೆಯೂ ದುಂಡು, ಗ್ರಾಹಕನ ದೂರಿಲ್ಲ.

ಅಂಚು ಏಕೆ ಕೆಡುತ್ತದೆಂಬುದು ಪೆಟ್ಸ್‌ವಾಲನಿಗೆ ಚೆನ್ನಾಗಿ ಗೊತ್ತಿತ್ತು. ಮಸೂರ ಮೂಡಿಸುವ ಬಿಂಬ ಸ್ವಭಾವತಃ ಬಟ್ಟಲಿನಂತೆ ಬಾಗಿರುತ್ತದೆ, ಅದನ್ನು ಹಿಡಿಯುವ ತಟ್ಟೆ ಮಾತ್ರ ಸಪಾಟು. ನಡುವೆ ಕೂಡಿದರೆ ಅಂಚಿನಲ್ಲಿ ಕೂಡದು. ಬಾಗು ಎಷ್ಟೆಂಬುದು ಗಾಜುಗಳ ಶಕ್ತಿ ಮತ್ತು ವಕ್ರೀಭವನಾಂಕಗಳನ್ನು ಅವಲಂಬಿಸಿದೆ. ಇದರ ಸೂತ್ರವನ್ನು ಆತ 1843ರಲ್ಲಿ ಪ್ರಕಟಿಸಿದ. ದ್ಯುತಿಶಾಸ್ತ್ರದಲ್ಲಿ ಅದು ಪೆಟ್ಸ್‌ವಾಲ್ ಮೊತ್ತವೆಂದು ಪ್ರಸಿದ್ಧವಾಗಿದೆ. ಮಸೂರ ರಚಿಸುವ ಕಂಪ್ಯೂಟರ್ ತಂತ್ರಾಂಶಗಳು ಇವತ್ತಿಗೂ ಅದನ್ನು ಎಣಿಸುತ್ತವೆ. ಬಿಂಬವನ್ನು ಸಪಾಟಾಗಿಸುವುದೋ, ಬೆಳಕನ್ನು ಹೆಚ್ಚಿಸುವುದೋ ಎಂಬ ಪ್ರಶ್ನೆ ಬಂದಾಗ ಆತ ಭಾವಚಿತ್ರಕ್ಕೆ ಬೆಳಕನ್ನೇ ಆರಿಸಿಕೊಂಡ. ಮುಖ ಇರುವುದು ನಡುವೆ ತಾನೆ.

ಎರಡು ಸಾವಿರ ಗುಲ್ಡನ್

ಪೆಟ್ಸ್‌ವಾಲ್ ಮತ್ತು ಫಾಯ್ಟ್‌ಲೆಂಡರ್ ನಡುವೆ ನಂಬಿಕೆಯಿತ್ತು, ಗಟ್ಟಿಯಾದ ಕರಾರು ಇರಲಿಲ್ಲ. ಲೆಕ್ಕಕ್ಕೆಂದು ಪ್ರಾಧ್ಯಾಪಕನಿಗೆ ಸಂದದ್ದು ಒಂದೇ ಬಾರಿಗೆ 2000 ಗುಲ್ಡನ್. ಪ್ರತಿ ಮಸೂರಕ್ಕೆ ಇಷ್ಟೆಂಬ ರಾಜಧನವಿಲ್ಲ. ತನ್ನ ಶೋಧವನ್ನು ಕಾಪಾಡುವ ಪೇಟೆಂಟನ್ನು ಹೊರದೇಶಗಳಲ್ಲಿ ಪೆಟ್ಸ್‌ವಾಲ್ ಪಡೆದಿರಲಿಲ್ಲ. ಮಸೂರ ಮಾತ್ರ ಬಿಸಿ ದೋಸೆಯಂತೆ ಮಾರಾಟವಾಯಿತು. ಸಾವಿರಾರು ಮಸೂರಗಳು ಫಾಯ್ಟ್‌ಲೆಂಡರ್ ಹೆಸರು ಕೊರೆಸಿಕೊಂಡು ಲೋಕಕ್ಕೆ ಹರಡಿದವು. ಪ್ಯಾರಿಸ್ ಮತ್ತು ಲಂಡನ್ನಿನ ತಯಾರಕರೂ ಅದನ್ನೇ ನಕಲು ಮಾಡಿದರು. ಫ್ರಾನ್ಸಿನಲ್ಲಿ ಅದಕ್ಕೆ ಜರ್ಮನ್ ಪದ್ಧತಿಯ ಮಸೂರವೆಂಬ ಹೆಸರು ಬಿತ್ತು. ಹಿತ್ತಾಳೆಯ ಮೇಲೆ ಜಾಮೆ ಇದ್ದ, ಡಾರ್ಲೋ ಇದ್ದ, ರಾಸ್ ಇದ್ದ, ಪೆಟ್ಸ್‌ವಾಲ್ ಎಲ್ಲೂ ಇರಲಿಲ್ಲ.

1845ರ ವೇಳೆಗೆ ಇಬ್ಬರ ಸಂಬಂಧ ಮುರಿದಿತ್ತು. ಫಾಯ್ಟ್‌ಲೆಂಡರ್ 1849ರಲ್ಲಿ ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿ ಕಾರ್ಖಾನೆ ತೆರೆದ, ಕೀರ್ತಿಯೂ ಸಂಪತ್ತೂ ಹೆಚ್ಚಿದವು. ಪೆಟ್ಸ್‌ವಾಲ್ ಸುಮಾರು ಹತ್ತು ವರ್ಷ ಮಸೂರದ ತಂಟೆಗೆ ಹೋಗದೆ, 1850ರ ದಶಕದ ನಡುವೆ ಕಾರ್ಲ್ ಡೀಟ್ಸ್‌ಲರ್ ಎಂಬ ಇನ್ನೊಬ್ಬ ತಯಾರಕನನ್ನು ಜೊತೆ ಮಾಡಿಕೊಂಡು ಮರಳಿ ಬಂದ. 1840ರಲ್ಲಿ ಲೆಕ್ಕ ಹಾಕಿಟ್ಟಿದ್ದ ಭೂದೃಶ್ಯದ ಮಸೂರ ಈಗ ಹೊರಬಂತು. ಫಾಯ್ಟ್‌ಲೆಂಡರ್ ಸುಮ್ಮನಿರಲಿಲ್ಲ. ಹಳೆಯ ಲೆಕ್ಕ ತನ್ನ ಬಳಿಯೂ ಇದೆಯೆಂಬ ಧೋರಣೆಯಲ್ಲಿ ಅದೇ ಬಗೆಯ ಮಸೂರವನ್ನು ಆರ್ಥೋಸ್ಕೋಪ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟ. ಯಾರದು ಅಸಲು, ಯಾರದು ಉತ್ತಮ ಎಂದು ಛಾಯಾಗ್ರಹಣ ಪತ್ರಿಕೆಗಳಲ್ಲಿ ಜಗಳ ನಡೆಯಿತು. ಇಂದಿನ ಸಂಗ್ರಾಹಕರು ಎರಡು ಹಿತ್ತಾಳೆ ಮಸೂರಗಳನ್ನು ಅಕ್ಕಪಕ್ಕ ಇಟ್ಟು ಮಾಡುವ ಚರ್ಚೆಗೆ ಇಷ್ಟು ಹಳೆಯ, ಇಷ್ಟು ಕಹಿಯಾದ ವಂಶಾವಳಿ ಇದೆ. ಮಸೂರದ ಗುಣದಲ್ಲಿ ಯಾರು ಗೆದ್ದರೋ, ವ್ಯಾಪಾರದಲ್ಲಿ ಸೋತವನು ಡೀಟ್ಸ್‌ಲರ್. 1862ರಲ್ಲಿ ಆತನ ಅಂಗಡಿ ಮುಚ್ಚಿತು, ಬಡತನದಲ್ಲೇ ತೀರಿಕೊಂಡ.

ಪೆಟ್ಸ್‌ವಾಲ್ ಸಂಪೂರ್ಣ ಅಮಾಯಕನಾಗಿದ್ದನೆಂದು ಚಿತ್ರಿಸುವುದು ಸರಿಯಲ್ಲ. ವ್ಯವಹಾರದಲ್ಲಿ ಆತನಿಗೆ ಅಸಡ್ಡೆ, ವಾದದಲ್ಲಿ ಅಹಂಕಾರ. 1852ರಲ್ಲಿ ವಿಯೆನ್ನಾದ ವಿಜ್ಞಾನ ಅಕಾಡೆಮಿಯಲ್ಲಿ ಆತ ಕ್ರಿಶ್ಚಿಯನ್ ಡಾಪ್ಲರನ ಮೇಲೆ ಮುಗಿಬಿದ್ದ ಪ್ರಸಂಗ ಇದಕ್ಕೆ ನಿದರ್ಶನ. ಶಬ್ದದ ಮೂಲ ಹತ್ತಿರ ಬರುವಾಗ ಸ್ವರ ಏರುತ್ತದೆ, ದೂರ ಹೋಗುವಾಗ ಇಳಿಯುತ್ತದೆಂಬುದು ಡಾಪ್ಲರನ ಸಿದ್ಧಾಂತ. ನಿಲ್ದಾಣದಲ್ಲಿ ನಿಲ್ಲದೆ ಸಿಳ್ಳು ಹಾಕುತ್ತ ಹೋಗುವ ರೈಲನ್ನು ಕೇಳಿದವರಿಗೆಲ್ಲ ಇದರ ಅನುಭವವಿದೆ. ಹಾಲೆಂಡಿನಲ್ಲಿ 1845ರಲ್ಲೇ ರೈಲಿನ ಮೇಲೆ ಕಹಳೆ ಊದಿಸಿ ಅದನ್ನು ಪರೀಕ್ಷಿಸಿಯೂ ಆಗಿತ್ತು. ಆದರೂ ಇಷ್ಟು ಸರಳ ಸಮೀಕರಣದಿಂದ ಪ್ರಕೃತಿಯ ನಿಯಮ ಹೊರಡಲಾರದೆಂಬ ನಿಲುವಿನಿಂದ ಪೆಟ್ಸ್‌ವಾಲ್ ಅದನ್ನು ತಳ್ಳಿಹಾಕಿದ. ಅಕಾಡೆಮಿಯಲ್ಲಿ ಪೆಟ್ಸ್‌ವಾಲನ ಮಾತಿಗೆ ತೂಕವಿತ್ತು. ಕಾಯಿಲೆಯಿಂದ ನವೆಯುತ್ತಿದ್ದ ಡಾಪ್ಲರ್ ಅದೇ ವರ್ಷ ಭೌತಶಾಸ್ತ್ರ ಸಂಸ್ಥೆಯ ಹೊಣೆ ಕಳೆದುಕೊಂಡು ವೆನಿಸ್‌ಗೆ ಹೋಗಿ, 1853ರ ಮಾರ್ಚ್‌ನಲ್ಲಿ ಅಲ್ಲಿಯೇ ಕಣ್ಣುಮುಚ್ಚಿದ. ಡಾಪ್ಲರ್ ಹೇಳಿದ್ದೇ ಸರಿಯೆಂದು ಕಾಲ ತೋರಿಸಿತು. ತನ್ನ ಹೆಸರಿಗಾಗಿ ಜೀವಮಾನವಿಡೀ ಕೊರಗಿದ ಮನುಷ್ಯ ಇನ್ನೊಬ್ಬನ ಹೆಸರಿನ ವಿಷಯದಲ್ಲಿ ಇಷ್ಟು ನಿಷ್ಠುರನಾಗಿದ್ದ.

ಬೆಟ್ಟದ ಮೇಲಿನ ಮಠ

ವಿಯೆನ್ನಾದ ಜನ ಕಂಡ ಪೆಟ್ಸ್‌ವಾಲ್ ಒಂದು ವಿಚಿತ್ರ ವ್ಯಕ್ತಿ. ನಗರದ ಅಂಚಿನ ಕಾಹ್ಲೆನ್‌ಬರ್ಗ್ ಬೆಟ್ಟದ ಮೇಲೆ ಸಂನ್ಯಾಸಿಗಳು ತೊರೆದುಹೋಗಿದ್ದ ಹಳೆಯ ಮಠದಲ್ಲಿ ಆತನ ವಾಸ. ಅಲ್ಲಿಯೇ ಗಾಜು ತಿಕ್ಕುವ ಕಾರ್ಯಾಗಾರ. ವಿಶ್ವವಿದ್ಯಾಲಯಕ್ಕೆ ಪಾಠ ಹೇಳಲು ಬರುತ್ತಿದ್ದುದು ಕಪ್ಪು ಅರಬ್ಬೀ ಕುದುರೆಯ ಮೇಲೆ. ಕತ್ತಿವರಸೆಯಲ್ಲಿ ನಗರದಲ್ಲೇ ಹೆಸರುವಾಸಿ.

1859ರಲ್ಲಿ ಆತನ ಮನೆಗೆ ಕಳ್ಳರು ನುಗ್ಗಿದರು. ಹೋದದ್ದು ಹಣವಾಗಿದ್ದರೆ ಈ ಕತೆಯಲ್ಲಿ ಅದಕ್ಕೆ ಜಾಗವಿರುತ್ತಿರಲಿಲ್ಲ. ದ್ಯುತಿಶಾಸ್ತ್ರವನ್ನು ಕುರಿತು ವರ್ಷಗಟ್ಟಲೆ ಬರೆದು ಸಿದ್ಧಗೊಳಿಸಿದ್ದ ಹಸ್ತಪ್ರತಿಗಳು ಆ ಕಳವಿನಲ್ಲಿ ನಾಶವಾದವು. ಮಸೂರದ ಲೆಕ್ಕವನ್ನು ಹೇಗೆ ಹಾಕಿದನೆಂಬ ಪೂರ್ಣ ವಿವರ ಅದರೊಡನೆ ಹೋಯಿತು. ಅದನ್ನು ಮತ್ತೆ ಬರೆಯಲು ಪೆಟ್ಸ್‌ವಾಲ್ ಮನಸ್ಸು ಮಾಡಲಿಲ್ಲ. ಫಲಿತಾಂಶಗಳನ್ನಷ್ಟೇ ಲೋಕ ಬಲ್ಲದು. ದಾರಿಯನ್ನು ಮುಂದಿನವರು ಹೊಸದಾಗಿ ಕಂಡುಕೊಳ್ಳಬೇಕಾಯಿತು. ಆ ಹಸ್ತಪ್ರತಿ ಉಳಿದಿದ್ದರೆ ಮಸೂರ ವಿಜ್ಞಾನ ಕೆಲವು ದಶಕ ಮುಂಚೆಯೇ ಪ್ರೌಢವಾಗುತ್ತಿತ್ತೆಂದು ಈ ಲೇಖಕನಿಗೆ ಅನ್ನಿಸುತ್ತದೆ.

ಆಮೇಲಿನ ಬದುಕನ್ನು ಬೇಗ ಹೇಳಿ ಮುಗಿಸಬಹುದು. ಆಸಕ್ತಿ ಧ್ವನಿಶಾಸ್ತ್ರದತ್ತ ಹೊರಳಿತು. 1869ರಲ್ಲಿ ತನ್ನ ಮನೆವಾರ್ತೆ ನೋಡಿಕೊಳ್ಳುತ್ತಿದ್ದ ಹೆಂಗಸನ್ನು ಮದುವೆಯಾದ. ನಾಲ್ಕೇ ವರ್ಷದಲ್ಲಿ ಆಕೆ ತೀರಿಕೊಂಡಳು. 1877ರಲ್ಲಿ ನಿವೃತ್ತಿ. ಬಳಿಕ ಯಾರನ್ನೂ ಹೆಚ್ಚು ಹತ್ತಿರ ಬಿಟ್ಟುಕೊಳ್ಳದೆ ಒಂಟಿಯಾಗಿ ಉಳಿದು, 1891ರ ಸೆಪ್ಟೆಂಬರ್ 17ರಂದು ವಿಯೆನ್ನಾದಲ್ಲಿ ನಿಧನ ಹೊಂದಿದ. ಆಗ ಆತನಿಗೆ 84 ವರ್ಷ. ಆ ಹೊತ್ತಿಗೆ ಯೂರೋಪಿನ ಯಾವ ಊರಿನ ಗೋಡೆ ನೋಡಿದರೂ ಆತನ ಮಸೂರದಿಂದ ಮೂಡಿದ ಮುಖವೊಂದು ತೂಗುಹಾಕಿತ್ತು. ಸತ್ತ ಮೇಲಿನ ಗೌರವಗಳು ನಿಧಾನವಾಗಿ ಬಂದವು. ಚಂದ್ರನ ಹಿಂಬದಿಯ ಒಂದು ಕುಳಿಗೂ, ಒಂದು ಕ್ಷುದ್ರಗ್ರಹಕ್ಕೂ ಪೆಟ್ಸ್‌ವಾಲನ ಹೆಸರಿದೆ. ಹುಟ್ಟಿದ ಮನೆ ಛಾಯಾಗ್ರಹಣದ ವಸ್ತುಸಂಗ್ರಹಾಲಯವಾಗಿದೆ.

ಟಾಕೀಸಿನ ಕಿಂಡಿಯಿಂದ ಕ್ಯಾಮೆರಾದ ಮೂತಿಗೆ

ಪೆಟ್ಸ್‌ವಾಲನ ಮಸೂರ ಭಾವಚಿತ್ರದ ಕೋಣೆಗಷ್ಟೇ ಸೀಮಿತವಾಗಲಿಲ್ಲ. ನಡುವೆ ತೀಕ್ಷ್ಣ, ಬೆಳಕು ಧಾರಾಳ ಎಂಬ ಎರಡು ಗುಣಗಳು ಸಿನಿಮಾ ತೋರಿಸುವವರಿಗೂ ಬೇಕಾಗಿದ್ದವು. ಇಪ್ಪತ್ತನೆಯ ಶತಮಾನದಲ್ಲಿ ಪ್ರೊಜೆಕ್ಟರುಗಳಿಗೆ ಹಾಕಿದ ಮಸೂರಗಳಲ್ಲಿ ಬಹುಪಾಲು ಇದೇ ತಳಿಯವು. ಬನಶಂಕರಿ ಜಾತ್ರೆಗೆ ನಾಟಕ ಕಂಪನಿಗಳೊಡನೆ ಬೀಡುಬಿಡುತ್ತಿದ್ದ ಟೂರಿಂಗ್ ಟಾಕೀಸಿನ ಡೇರೆಯಲ್ಲಿ ಪರದೆಯ ಮೇಲೆ ನಾಯಕನ ಮುಖವನ್ನು ಎಸೆಯುತ್ತಿದ್ದುದೂ ಬಹುಮಟ್ಟಿಗೆ ವಿಯೆನ್ನಾದ ಲೆಕ್ಕವೇ. ರೀಲಿನ ಚಿತ್ರಮಂದಿರಗಳು ಮುಚ್ಚಿದ ಮೇಲೆ ಅವುಗಳ ಮಸೂರಗಳು ಗುಜರಿಗೆ ಬಿದ್ದವು. ಅವನ್ನು ತೂಕಕ್ಕೆ ಕೊಂಡು, ಹಿಂಬದಿಗೆ ಬಳೆ ಮಾಡಿಸಿ, ಕ್ಯಾಮೆರಾಕ್ಕೆ ಹೊಂದಿಸುವ ಸಂಗ್ರಾಹಕರು ಎಲ್ಲ ದೇಶಗಳಲ್ಲೂ ಇದ್ದಾರೆ. 2013ರಲ್ಲಿ ವಿಯೆನ್ನಾ ಮೂಲದ ಲೊಮೊಗ್ರಫಿ ಸಂಸ್ಥೆ ಜನರಿಂದಲೇ ಮುಂಗಡ ಹಣ ಕೂಡಿಸಿ ಪೆಟ್ಸ್‌ವಾಲ್ ಹೆಸರಿನಲ್ಲೇ ಹೊಸ ಹಿತ್ತಾಳೆ ಮಸೂರವನ್ನು ತಂದಿತು. ತಯಾರಾದದ್ದು ರಷ್ಯಾದ ಜೆನಿಟ್ ಕಾರ್ಖಾನೆಯಲ್ಲಿ. ಆತನ ಹೆಸರು ಮಸೂರದ ಮೇಲೆ ಬರಲು ಇಷ್ಟು ವರ್ಷ ಬೇಕಾಯಿತು.

ಇಲ್ಲೊಂದು ಗೊಂದಲವನ್ನು ತಿಳಿಗೊಳಿಸಬೇಕು. ಜೆನಿಟ್ ಕ್ಯಾಮೆರಾದ ಜೊತೆ ಬರುತ್ತಿದ್ದ ಹೀಲಿಯಸ್ 44 ಎಂಬ 58 ಮಿಲಿಮೀಟರಿನ ಮಸೂರವೂ ಸುಳಿ ಮೂಡಿಸುತ್ತದೆ. ಅಗ್ಗವಾದ್ದರಿಂದ ಹೊಸ ಸಂಗ್ರಾಹಕರ ಕೈಗೆ ಮೊದಲು ಸಿಗುವುದೂ ಅದೇ. ಅದನ್ನು ಪೆಟ್ಸ್‌ವಾಲ್ ಮಸೂರವೆಂದು ಕರೆಯುವ ರೂಢಿ ತಪ್ಪು. ಅದು ಜರ್ಮನಿಯ ಝೈಸ್ ಸಂಸ್ಥೆಯ ಬಯೋಟಾರ್ ಮಸೂರದ ಸಂತಾನ, ಅದರೊಳಗಿನ ಗಾಜುಗಳ ಜೋಡಣೆಯೇ ಬೇರೆ. ಎರಡನ್ನೂ ಒಂದೇ ಮರದ ಮುಂದೆ, ಒಂದೇ ಮುಖಕ್ಕೆ, ಕಿಂಡಿ ಪೂರ್ತಿ ತೆರೆದು ಹಿಡಿದರೆ ಅಂತರ ತಿಳಿಯುತ್ತದೆ. ಹೀಲಿಯಸ್‌ನಲ್ಲಿ ಹಿನ್ನೆಲೆ ಸುತ್ತಿದರೂ ಮುಖ ನಡುವಿನಿಂದ ಸ್ವಲ್ಪ ಸರಿದರೆ ತಡೆದುಕೊಳ್ಳುತ್ತದೆ. ಪೆಟ್ಸ್‌ವಾಲ್ ಬಗೆಯದರಲ್ಲಿ ಮುಖ ನಡುವೆಯೇ ಇರಬೇಕು. ಅಂಚಿಗೆ ಹೋದ ಕಿವಿ ಕರಗಿಬಿಡುತ್ತದೆ. ಹಿಂದಿನ ಬೆಳಕಿನ ಚುಕ್ಕೆಗಳನ್ನೂ ಗಮನಿಸಬೇಕು. ನಡುವೆ ದುಂಡಾಗಿರುವ ಚುಕ್ಕೆ ಅಂಚಿಗೆ ಸರಿದಂತೆ ಉದ್ದನೆಯ ಕೊಳವೆಯ ಗೋಡೆ ಬೆಳಕನ್ನು ಕತ್ತರಿಸುವುದರಿಂದ ಬಾದಾಮಿ ಬೀಜದ ಆಕಾರ ತಳೆಯುತ್ತದೆ. ಬಾದಾಮಿಯಲ್ಲೇ ಈ ಪರೀಕ್ಷೆ ಮಾಡುವವರಿಗೆ ಹೋಲಿಕೆಗಾಗಿ ದೂರ ಹೋಗಬೇಕಾಗಿಲ್ಲ. ಹೋಲಿಸುವಾಗ ದೂರ, ಬೆಳಕು, ಹಿನ್ನೆಲೆ ಮೂರೂ ಬದಲಾಗಬಾರದು. ಒಂದನ್ನು ಬೆಳಿಗ್ಗೆ, ಇನ್ನೊಂದನ್ನು ಸಂಜೆ ಪರೀಕ್ಷಿಸಿ ತೀರ್ಪು ಕೊಡುವವರ ಮಾತನ್ನು ನಂಬುವಂತಿಲ್ಲ.

ಇಳಕಲ್ ಸೀರೆಯುಟ್ಟ ಅಜ್ಜಿಯರ ಹಳೆಯ ಚಿತ್ರಗಳಲ್ಲಿ ಸೆರಗು ಕೆಲವೊಮ್ಮೆ ಕಪ್ಪಾಗಿ ಕಾಣುತ್ತದೆ. ಅದು ಮಸೂರದ ತಪ್ಪಲ್ಲ. ಮೊದಲ ಕಾಲದ ತಟ್ಟೆಗಳಿಗೆ ನೀಲಿ, ನೇರಳೆ ಬೆಳಕು ಮಾತ್ರ ಕಾಣುತ್ತಿತ್ತು, ಕೆಂಪು ಕಾಣುತ್ತಿರಲಿಲ್ಲ. ಅಂತಹ ತಟ್ಟೆಗೆ ಕೆಂಪು ಸೆರಗೂ ಕತ್ತಲೆ, ಬಾದಾಮಿಯ ಕೆಂಪು ಬಂಡೆಯೂ ಕತ್ತಲೆ. ಮಸೂರದವರಿಗೂ ಇದರಿಂದ ಒಂದು ತಲೆನೋವಿತ್ತು. ಕಣ್ಣು ಹಳದಿ ಬೆಳಕಿನಲ್ಲಿ ಫೋಕಸ್ ನೋಡುತ್ತದೆ, ತಟ್ಟೆ ನೀಲಿಯಲ್ಲಿ ಚಿತ್ರ ಬರೆಯುತ್ತದೆ. ಇವೆರಡು ಒಂದೇ ಕಡೆ ಕೂಡದ ಮಸೂರದಲ್ಲಿ, ಮಬ್ಬುಗಾಜಿನ ಮೇಲೆ ತೀಕ್ಷ್ಣವಾಗಿದ್ದ ಮುಖ ತಟ್ಟೆಯ ಮೇಲೆ ಮಂಜಾಗುತ್ತಿತ್ತು. ಹಳೆಯ ಛಾಯಾಗ್ರಾಹಕರು ಬಳೆಯನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡಿ ಅದನ್ನು ತೂಗಿಸುತ್ತಿದ್ದರು.

ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಭಾಗಗಳು ಮುಳುಗಡೆಯಾದಾಗ ನವನಗರಕ್ಕೆ ಸಾಗಿಸಿದ ಸಾಮಾನುಗಳಲ್ಲಿ ಪಾತ್ರೆ, ಬಾಗಿಲು, ತೊಲೆಗಳ ಜೊತೆ ಕಟ್ಟುಹಾಕಿಸಿದ ಹಿರಿಯರ ಚಿತ್ರಗಳೂ ಇದ್ದವು. ಓಣಿ ಹೋಯಿತು, ಮುಖ ಬಂತು. ಅಂತಹ ಮನೆಗಳ ಅಟ್ಟದಲ್ಲಿ, ಇಲ್ಲವೇ ಮುಚ್ಚಿದ ಸ್ಟುಡಿಯೋದ ಪೆಟ್ಟಿಗೆಯಲ್ಲಿ ಹಿತ್ತಾಳೆಯ ಕೊಳವೆಯೊಂದು ಸಿಕ್ಕರೆ ಗುಜರಿಗೆ ಹಾಕುವ ಮೊದಲು ಒಮ್ಮೆ ಪರೀಕ್ಷಿಸುವುದು ಲೇಸು. ಮುಂದಿನ ಗಾಜನ್ನು ಉರಿಯುವ ಬಲ್ಬಿನ ಕೆಳಗೆ ಓರೆಯಾಗಿ ಹಿಡಿದರೆ ಎರಡು ಉಜ್ವಲ ಪ್ರತಿಬಿಂಬಗಳೂ, ಅಂಟಿಸಿದ ಜಾಗದಿಂದ ಒಂದು ತೀರ ಮಂದವಾದದ್ದೂ ಕಾಣಬೇಕು. ಹಿಂದಿನ ಗಾಜಿನಲ್ಲಿ ನಾಲ್ಕೂ ಉಜ್ವಲವಾಗಿರಬೇಕು. ಹಾಗಿದ್ದರೆ ಅದು ಪೆಟ್ಸ್‌ವಾಲನ ವಿನ್ಯಾಸ. ಕೊಳವೆಯ ಮೈಯಲ್ಲಿ ಕಿಂಡಿಯ ತಗಡು ತೂರಿಸುವ ಸೀಳು ಮೊದಲಿನಿಂದಲೇ ಇದ್ದರೆ ಮಸೂರ 1858ರ ನಂತರದ್ದು. ಆ ಉಪಾಯ ಬಳಕೆಗೆ ಬಂದದ್ದು ಆ ವರ್ಷ. ಒರೆಸಲು ಹಿಂದಿನ ಜೋಡಿಯನ್ನು ಬಿಚ್ಚುವವರು ಯಾವ ಗಾಜು ಯಾವ ಕಡೆಗೆ ಮುಖ ಮಾಡಿತ್ತೆಂದು ಬರೆದಿಟ್ಟುಕೊಳ್ಳಬೇಕು. ನಡುವಿನ ತೆಳು ಬಳೆಯನ್ನು ಕಳೆಯಬಾರದು. ಗಾಜನ್ನು ಕೈಗೆತ್ತಿಕೊಂಡಾಗ ಅದರ ಒರಟು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ಸಂಖ್ಯೆ ಕಾಣಿಸಿದರೆ ಅದನ್ನು ಉಜ್ಜಿ ಅಳಿಸಬಾರದು. ಆ ಗಾಜನ್ನು ತಿಕ್ಕಿದ ಕೆಲಸಗಾರ ಹಾಕಿದ ಗುರುತು ಅದು.